‘ಮಿದುಳು ನಿಷ್ಕ್ರಿಯ’ ಅಂತ ಬರೆಯಬೇಡಿ, ಸಾವು ಅಂತಲೇ ಬರೆಯಿರಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ಒಂದು ಸುದ್ದಿ ಓದಿದೆ. ಅಪಘಾತದಲ್ಲಿ ‘ಮಿದುಳು ನಿಷ್ಕ್ರಿಯಗೊಂಡಿದ್ದ’ ಒಬ್ಬ ಹುಡುಗನ ಅಂಗಾಂಗಗಳನ್ನು ಮನೆಯವರು ದಾನ ಮಾಡಿದರು ಅಂತ ಇತ್ತು. ಆ ಮನೆಯವರಿಗೆ ಕೈ ಮುಗಿಯುತ್ತೇನೆ. ಆದರೆ ಸುದ್ದಿಯ ಕೊನೆಯ ಸಾಲು ಹೀಗಿತ್ತು: ‘ಅಂಗಾಂಗ ದಾನದ ಬಳಿಕ ಅವರು ಕೊನೆಯುಸಿರೆಳೆದರು.’

ನಮ್ಮಮ್ಮನಿಗೆ ಕಣ್ಣು ಮಂಜು. ಪೇಪರನ್ನು ನಾನೇ ಓದಿ ಹೇಳುತ್ತೇನೆ. ಆ ಸಾಲು ಕೇಳಿ ಅಮ್ಮ ಸೊಪ್ಪು ಸೋಸುತ್ತಿದ್ದ ಕೈ ನಿಲ್ಲಿಸಿದಳು. ‘ಹಂಗಾದ್ರೆ ತೆಗೆಯೋವಾಗ ಉಸಿರಿತ್ತಾ?’ ಅಂತ ಕೇಳಿದಳು.

ಇಲ್ಲ, ಇರಲಿಲ್ಲ. ಆ ಹುಡುಗ ಅದಕ್ಕೆ ಮುಂಚೆಯೇ ತೀರಿಕೊಂಡಿದ್ದ. ಇದನ್ನು ಇಷ್ಟು ಖಚಿತವಾಗಿ ಹೇಳುವಷ್ಟು ತಿಳಿವಳಿಕೆ ನನಗೆ ಈಗ ಬಂದಿದೆ. ಬರಬೇಕಾದ ಹೊತ್ತಿನಲ್ಲಿ ಬರಲಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು ತಿಪಟೂರು ಕಡೆಯ ಒಂದು ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತೆ. ನಮ್ಮಲ್ಲಿ ‘ನಿಷ್ಕ್ರಿಯ ಖಾತೆ’ ಅಂತ ಒಂದು ಪಟ್ಟಿ ಇರುತ್ತದೆ. ಎರಡು ವರ್ಷಕ್ಕಿಂತ ಜಾಸ್ತಿ ಕಾಲ ಹಾಕುವುದು, ತೆಗೆಯುವುದು ಏನೂ ನಡೆಯದಿದ್ದರೆ ಖಾತೆ ಆ ಪಟ್ಟಿಗೆ ಸೇರುತ್ತದೆ. ಖಾತೆದಾರರು ಆಧಾರ್ ಜೆರಾಕ್ಸ್, ಫೋಟೊ ತಂದು ಅರ್ಜಿ ಕೊಟ್ಟರೆ ಮತ್ತೆ ಚಾಲೂ ಮಾಡಿಕೊಡುತ್ತೇವೆ. ದಿನಾ ಈ ಕೆಲಸ ಮಾಡುವ ನನಗೆ ‘ನಿಷ್ಕ್ರಿಯ’ ಅಂದರೆ ಏನು ಅರ್ಥ ಹೊಳೆಯಬೇಕು ಹೇಳಿ? ಸದ್ಯಕ್ಕೆ ನಿಂತಿದೆ, ಪ್ರಯತ್ನ ಪಟ್ಟರೆ ಎದ್ದು ಬರುತ್ತದೆ ಅಂತಲೇ ಅಲ್ವಾ?

2023ರ ಆಷಾಢದಲ್ಲಿ ನನ್ನ ತಮ್ಮ ರಾತ್ರಿ ಬೈಕಿನಲ್ಲಿ ಬರುವಾಗ ಕೆ.ಬಿ. ಕ್ರಾಸ್ ಹತ್ತಿರ ಕಾರು ಗುದ್ದಿತು. ಅವನಿಗೆ 31 ವರ್ಷ. ಲಗೇಜ್ ಆಟೊ ಓಡಿಸುತ್ತಿದ್ದ, ಕೊಬ್ಬರಿ ಮೂಟೆ ಮಂಡಿಗೆ ಸಾಗಿಸುತ್ತಿದ್ದ. ನಾಲ್ಕು ವರ್ಷದ ಮಗಳಿದ್ದಾಳೆ. ತಲೆಗೆ ಹಾಕಿದ್ದು ಅರ್ಧ ಹೆಲ್ಮೆಟ್. ತಿಪಟೂರಿನಿಂದ ತುಮಕೂರಿಗೆ, ಅಲ್ಲಿಂದ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ‘ಜಿಸಿಎಸ್ ಮೂರು’ ಅಂದರು. ನೂರಕ್ಕೆ ಮೂರೋ, ಹತ್ತಕ್ಕೆ ಮೂರೋ ನಮಗೇನು ಗೊತ್ತು. ಅದು ಪ್ರಜ್ಞೆ ಎಷ್ಟಿದೆ ಅಂತ ಅಳೆಯುವ ಲೆಕ್ಕ, ಹದಿನೈದರದ್ದು, ಅದರಲ್ಲಿ ಮೂರಕ್ಕಿಂತ ಕೆಳಗೆ ಅಂಕವೇ ಇಲ್ಲ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ದಿನ ಆದ ಮೇಲೆ.

ಗುರುವಾರ ಬೆಳಿಗ್ಗೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಐಸಿಯು ಬಾಗಿಲಿಗೆ ಬಂದು ನಮ್ಮನ್ನು ಕರೆದರು. ಅವರ ಮಾತು ನನಗೆ ಇವತ್ತಿಗೂ ಹಾಗೇ ನೆನಪಿದೆ. ‘ಪೇಷೆಂಟ್ ಬ್ರೇನ್ ಡೆಡ್ ಆಗಿದ್ದಾರೆ, ಕಂಡಿಷನ್ ತುಂಬಾ ಕ್ರಿಟಿಕಲ್ ಇದೆ.’ ಎರಡೂ ಒಂದೇ ಉಸಿರಿನಲ್ಲಿ. ಜೊತೆಗೆ ನಿಂತಿದ್ದ ಇನ್ನೊಬ್ಬರು, ‘ಅಂಗಾಂಗ ದಾನದ ಬಗ್ಗೆ ಯೋಚನೆ ಮಾಡಿ. ಬೇಡ ಅಂದ್ರೂ ಪರವಾಗಿಲ್ಲ, ಟ್ರೀಟ್‌ಮೆಂಟ್ ಮುಂದುವರಿಸ್ತೀವಿ’ ಅಂದರು.

ಅವರಿಬ್ಬರೂ ಕೆಟ್ಟವರಲ್ಲ. ಗದರಲಿಲ್ಲ, ಒತ್ತಾಯ ಮಾಡಲಿಲ್ಲ. ಆದರೆ ಆ ಮಾತಿನಲ್ಲಿ ನಾವು ಕೇಳಿಸಿಕೊಂಡಿದ್ದು ಏನು? ಟ್ರೀಟ್‌ಮೆಂಟ್ ಇದೆ. ಟ್ರೀಟ್‌ಮೆಂಟ್ ಇದೆ ಅಂದರೆ ಜೀವ ಇದೆ. ಜೀವ ಇರುವಾಗಲೇ ಕಿಡ್ನಿ ಕೇಳುತ್ತಿದ್ದಾರೆ. ನಾನು ಒಳಗೆ ಹೋಗಿ ನೋಡಿದೆ. ತಮ್ಮನ ಎದೆ ಏರಿಳಿಯುತ್ತಿತ್ತು. ಕೈ ಬೆಚ್ಚಗಿತ್ತು. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಗ್ರೀಸ್ ಹಾಗೇ ಇತ್ತು. ಇವನನ್ನು ಸತ್ತಿದ್ದಾನೆ ಅಂತ ಯಾವ ಅಕ್ಕ ಒಪ್ಪುತ್ತಾಳೆ?

ಹೊರಗೆ ಬಂದಾಗ ಅಮ್ಮ ಸೀರೆ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ‘ಕಿಡ್ನಿ ಕದಿಯೋರು ಇವರು’ ಅಂದಳು. ಅಮ್ಮನದು ಸುಮ್ನೆ ಹುಟ್ಟಿದ ಭಯ ಅಲ್ಲ. 1990ರ ದಶಕದಲ್ಲಿ ಮಂಡ್ಯ ಕಡೆಯ ಬಡವರು ಬೆಂಗಳೂರಿಗೆ ಬಂದು ಕಿಡ್ನಿ ಮಾರಿಕೊಂಡ ಸುದ್ದಿ ಕೇಳಿದ ತಲೆಮಾರು ಅದು. ಕೊನೆಗೆ ಬಾಯಿ ಬಿಟ್ಟವಳು ತಮ್ಮನ ಹೆಂಡತಿ. ‘ಕೊಡೋಣ ಅಕ್ಕ, ಯಾರಿಗಾದ್ರೂ ಆಗ್ಲಿ’ ಅಂದಳು. ಮೆಲ್ಲಗೆ ಅಂದಳು, ನನ್ನ ಮುಖ ನೋಡಿಯೇ ಅಂದಳು. ನಾನು ‘ಸುಮ್ನಿರು, ನಿನಗೇನು ಗೊತ್ತಾಗುತ್ತೆ’ ಅಂದುಬಿಟ್ಟೆ. ಅಲ್ಲಿಗೆ ಮುಗಿಯಿತು. ಬೇಡ ಅಂತ ಹೇಳಿ ಕಳಿಸಿದೆವು.

ಆಮೇಲೆ ಎರಡು ದಿನ ವೆಂಟಿಲೇಟರ್ ನಡೆಯಿತು. ದಿನಕ್ಕೆ 40 ಸಾವಿರದ ಮೇಲೆ ಬಿಲ್. ಶನಿವಾರ ಸಂಜೆ ಹೃದಯ ನಿಂತಿತು. ಆಗ ಬಂದು, ‘ಈಗ ಕಣ್ಣು ಕೊಡಬಹುದು, ಆರು ಗಂಟೆಯೊಳಗೆ ತೆಗೆಯಬೇಕು’ ಅಂದರು. ಆಶ್ಚರ್ಯ ಅಂದರೆ ಅಮ್ಮ ತಕ್ಷಣ ಒಪ್ಪಿದಳು. ‘ಅಪ್ಪು ಕೊಟ್ಟಿದ್ನಲ್ಲ’ ಅಂದಳು, ಅಷ್ಟೇ. 2006ರಲ್ಲಿ ಅಣ್ಣಾವ್ರ ಕಣ್ಣು, 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣು. ಪುನೀತ್ ಅವರ ಕಣ್ಣಿನಿಂದ ನಾಲ್ಕು ಜನಕ್ಕೆ ನೋಟ ಬಂತು ಅನ್ನುವುದು ನಮ್ಮ ಕಡೆ ಪ್ರತಿ ಮನೆಗೂ ಗೊತ್ತು. ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡ ಆಗುತ್ತಾರೆ ಅಂತ ಹೇಳುತ್ತಿದ್ದ ಅಮ್ಮನೇ ಹೆಬ್ಬೆಟ್ಟು ಒತ್ತಿದಳು.

ಹಾಗಾಗಿ ಕಣ್ಣು ಮಾತ್ರ ಹೋಯಿತು. ಹೃದಯ, ಲಿವರ್, ಎರಡು ಕಿಡ್ನಿ ಮಣ್ಣಾದವು. ರಕ್ತ ಓಡುತ್ತಿರುವಾಗ ತೆಗೆದರೆ ಮಾತ್ರ ಅವು ಇನ್ನೊಬ್ಬರಿಗೆ ಸರಿಯಾಗಿ ಆಗುವುದು. ಹೃದಯ ತಾನಾಗಿ ನಿಂತ ಮೇಲೆ ನಮ್ಮ ಕಡೆ ಸಾಮಾನ್ಯವಾಗಿ ಕಣ್ಣಿನಂಥವು ಅಷ್ಟೇ ಉಳಿಯುತ್ತವೆ. ನಮ್ಮ ಜಿಲ್ಲೆಯವರೇ ಆದ ಗುಬ್ಬಿಯ ಹರೀಶ್ ಅವರನ್ನು ನೆನಪಿಸಿಕೊಳ್ಳಿ. 2016ರ ಫೆಬ್ರುವರಿಯಲ್ಲಿ ನೆಲಮಂಗಲ ಹತ್ತಿರ ಲಾರಿ ಹರಿದು ದೇಹ ಎರಡು ತುಂಡಾಗಿದ್ದರೂ ‘ನನ್ನ ಅಂಗಾಂಗ ದಾನ ಮಾಡಿ’ ಅಂತ ಕೇಳಿಕೊಂಡವರು. ಅವರ ಹೆಸರಿನಲ್ಲಿ ಸರ್ಕಾರ ಅಪಘಾತದವರಿಗೆ ಯೋಜನೆಯನ್ನೇ ತಂದಿತು. ಅಂಥವರದ್ದೂ ಕೊನೆಗೆ ಕೊಡಲು ಆಗಿದ್ದು ಕಣ್ಣು. ಮಿದುಳು ಸತ್ತು ಹೃದಯ ಇನ್ನೂ ಬಡಿಯುತ್ತಿರುವ ಆ ಒಂದೆರಡು ದಿನ ಸಿಗುವುದೇ ಅಪರೂಪ. ನಮಗೆ ಸಿಕ್ಕಿತ್ತು.

ಕಾರ್ಯ ಎಲ್ಲಾ ಮುಗಿದು ಮೂರು ತಿಂಗಳಾದ ಮೇಲೆ, ನಮ್ಮ ಬ್ಯಾಂಕಿಗೆ ಬರುವ ಒಬ್ಬ ಸ್ಟಾಫ್ ನರ್ಸ್ ಹತ್ತಿರ ಇದನ್ನೆಲ್ಲಾ ಹೇಳಿಕೊಂಡೆ. ಅವರು ಕೌಂಟರಿನ ಈಚೆ ಬಂದು ಕೂತು ಅರ್ಧ ಗಂಟೆ ವಿವರಿಸಿದರು. ಆ ಪರೀಕ್ಷೆ ಹೇಗೆ ಮಾಡುತ್ತಾರೆ ಅಂತ. ಕಣ್ಣಿಗೆ ಟಾರ್ಚ್ ಬಿಡುತ್ತಾರೆ, ಪಾಪೆ ಕುಗ್ಗುತ್ತದಾ ನೋಡುತ್ತಾರೆ. ಒಂದು ಹತ್ತಿ ಎಳೆ ಕಣ್ಣಿನ ಕರಿಗುಡ್ಡೆಗೆ ಮುಟ್ಟಿಸುತ್ತಾರೆ, ರೆಪ್ಪೆ ಮಿಟುಕುತ್ತದಾ ಅಂತ. ಕಿವಿಯೊಳಗೆ ತಣ್ಣೀರು ಬಿಡುತ್ತಾರೆ. ಗಂಟಲಿಗೆ ಪೈಪ್ ಹಾಕಿ ಕೆಮ್ಮು ಬರುತ್ತದಾ ನೋಡುತ್ತಾರೆ. ಕೊನೆಗೆ ವೆಂಟಿಲೇಟರ್ ಬಿಚ್ಚಿ, ಆಮ್ಲಜನಕ ಮಾತ್ರ ಬಿಟ್ಟು, ಎದೆಯನ್ನೇ ನೋಡುತ್ತಾ ನಿಲ್ಲುತ್ತಾರೆ. ಮಿದುಳಿನ ಬುಡದಲ್ಲಿ ಒಂದು ಚೂರು ಜೀವ ಇದ್ದರೂ ಮೈಯಲ್ಲಿ ಇಂಗಾಲದ ಡೈ ಆಕ್ಸೈಡ್ ಏರಿದಾಗ ಉಸಿರು ಎಳೆಯಲೇಬೇಕು. ಎಳೆಯದಿದ್ದರೆ ಮುಗಿಯಿತು. ಇದನ್ನೆಲ್ಲಾ ಕಡಿಮೆ ಅಂದರೆ ಆರು ಗಂಟೆ ಬಿಟ್ಟು ಇನ್ನೊಂದು ಸಲ ಮಾಡಬೇಕು. ನಾಲ್ಕು ಜನ ಡಾಕ್ಟರು ಸಹಿ ಹಾಕಬೇಕು. ಅಂಗ ಕಸಿ ಮಾಡುವ ತಂಡದವರು ಆ ನಾಲ್ವರಲ್ಲಿ ಇರುವಂತಿಲ್ಲ.

ಹೃದಯ ಹೇಗೆ ಬಡಿಯುತ್ತದೆ ಹಾಗಾದರೆ ಅಂತ ಕೇಳಿದೆ. ಹೃದಯಕ್ಕೆ ಬಡಿದುಕೊಳ್ಳಲು ಮಿದುಳಿನ ಅಪ್ಪಣೆ ಬೇಡ, ಅದಕ್ಕೆ ತನ್ನದೇ ತಾಳ ಇದೆ, ಉಸಿರಿಗೆ ಮಾತ್ರ ಮಿದುಳು ಬೇಕೇಬೇಕು, ಆ ಉಸಿರನ್ನು ಮೆಷಿನ್ನು ಕೊಡುತ್ತಿತ್ತು ಅಂದರು.

ನನಗೆ ಅಳು ಬಂತು. ವೆಂಟಿಲೇಟರ್ ಬಿಚ್ಚಿದ ಆ ಎಂಟು ಹತ್ತು ನಿಮಿಷ ನನ್ನನ್ನು ಮಂಚದ ಪಕ್ಕ ನಿಲ್ಲಿಸಿದ್ದರೆ ಸಾಕಿತ್ತು. ಅವನ ಎದೆ ಏಳದೇ ಇರುವುದನ್ನು ನಾನೇ ನೋಡುತ್ತಿದ್ದೆ. ಯಾರೂ ಏನೂ ವಿವರಿಸಬೇಕಾಗಿರಲಿಲ್ಲ. ಎರಡನೇ ಸಲದ ಪರೀಕ್ಷೆಯನ್ನು ಮನೆಯವರಲ್ಲಿ ಒಬ್ಬರು ನೋಡಲು ಬಯಸಿದರೆ ಬಿಡಬೇಕು ಅಂತ ನನ್ನ ಮೊದಲ ಬೇಡಿಕೆ. ಎಲ್ಲರಿಗೂ ನೋಡುವ ಗಟ್ಟಿತನ ಇರುವುದಿಲ್ಲ, ಒಪ್ಪುತ್ತೇನೆ. ನನಗೆ ಇತ್ತು.

ಸಂಜೆ ಅಮ್ಮನಿಗೆ ಹೇಳಿದೆ. ಅಮ್ಮ ಬಹಳ ಹೊತ್ತು ತೋಟದ ಕಡೆಗೇ ನೋಡುತ್ತಾ ಕೂತಿದ್ದಳು. ಆಮೇಲೆ, ‘ಅಂದ್ರೆ ಅವನಿಗೆ ಸುಳಿ ಹೋಗಿತ್ತು ಅನ್ನು’ ಅಂದಳು. ತೆಂಗು ಬೆಳೆಯುವವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಸುಳಿ ಪೂರ್ತಿ ಕೊಳೆತು ಕೈಗೆ ಕಿತ್ತುಬಂದರೆ ಮರ ಸತ್ತಿತು ಅಂತಲೇ. ಕೆಳಗಿನ ಗರಿ ಹಸಿರಾಗಿರುತ್ತದೆ, ಗೊನೆಯಲ್ಲಿ ಕಾಯಿ ತೂಗುತ್ತಿರುತ್ತದೆ, ಆದರೂ ಆ ಮರಕ್ಕೆ ಯಾರೂ ಗೊಬ್ಬರ ಹಾಕುವುದಿಲ್ಲ. ‘ಹಂಗೆ ಹೇಳಿದ್ರೆ ನಂಗೆ ತಿಳೀತಿತ್ತಲ್ಲೇ, ಯಾಕೆ ಹೇಳ್ಲಿಲ್ಲ ಅವರು’ ಅಂತ ಅಮ್ಮ ಕೇಳಿದಳು. ಏನಂತ ಉತ್ತರ ಕೊಡಲಿ?

ಆಮೇಲೆ ನಾನು ಕಾನೂನು ಓದಿದೆ. ಫಾರಂ, ನಿಯಮ ಓದುವುದೇ ನನ್ನ ಹೊಟ್ಟೆಪಾಡು, ಆದ್ದರಿಂದ ಕಷ್ಟ ಆಗಲಿಲ್ಲ. ಅಂಗಾಂಗ ಕಸಿ ಕಾಯ್ದೆ 1994ರದ್ದು. 2011ರಲ್ಲಿ ತಿದ್ದುಪಡಿ ಆಯಿತು, 2014ರಲ್ಲಿ ಹೊಸ ನಿಯಮಗಳು ಬಂದವು. ಆ ಕಾಯ್ದೆಯಲ್ಲಿ ಮಿದುಳು ಕಾಂಡ, ಅಂದರೆ ಮಿದುಳಿನ ಬುಡ, ಸತ್ತರೂ ಸಾವೇ, ಹೃದಯ ನಿಂತರೂ ಸಾವೇ ಅಂತ ಸ್ಪಷ್ಟವಾಗಿದೆ. ಆದರೆ ಸಾವನ್ನು ನೋಂದಾಯಿಸುವ 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಜೀವದ ಎಲ್ಲಾ ಗುರುತೂ ಶಾಶ್ವತವಾಗಿ ಇಲ್ಲವಾಗುವುದು ಅಂತಷ್ಟೇ ಇದೆ. ಮಿದುಳಿನ ಮಾತೇ ಇಲ್ಲ. ಅದರ ಪರಿಣಾಮ ಏನು ಗೊತ್ತಾ? ನಾವು ‘ಕೊಡುತ್ತೇವೆ’ ಅಂದಿದ್ದರೆ ನನ್ನ ತಮ್ಮ ಗುರುವಾರವೇ ಸತ್ತಿದ್ದ. ಎರಡನೇ ಪರೀಕ್ಷೆಯ ಹೊತ್ತೇ ಅವನ ಸಾವಿನ ಹೊತ್ತಾಗುತ್ತಿತ್ತು. ನಾವು ‘ಬೇಡ’ ಅಂದಿದ್ದಕ್ಕೆ ಶನಿವಾರದವರೆಗೆ ಬದುಕಿದ್ದ. ಮರಣ ಪ್ರಮಾಣಪತ್ರದಲ್ಲಿ ಶನಿವಾರದ ತಾರೀಖು ಇದೆ. ಒಬ್ಬ ಮನುಷ್ಯ ಸತ್ತಿದ್ದಾನಾ ಇಲ್ಲವಾ ಅನ್ನುವುದು ಅವನ ಅಕ್ಕ ಹೂಂ ಅನ್ನುತ್ತಾಳಾ ಉಹೂಂ ಅನ್ನುತ್ತಾಳಾ ಅನ್ನುವುದರ ಮೇಲೆ ನಿಂತಿರಬಾರದು.

ನಾನು ಬ್ಯಾಂಕಿನಲ್ಲಿ ಮರಣ ಪ್ರಮಾಣಪತ್ರ ನೋಡಿ ಖಾತೆ ಇತ್ಯರ್ಥ ಮಾಡುವವಳು. ತಾರೀಖು ಒಂದು ದಿನ ಆಚೀಚೆ ಆದರೂ ಕಾಗದ ವಾಪಸ್ ಕಳಿಸುತ್ತೇವೆ.

ಇದರಿಂದ ಡಾಕ್ಟರುಗಳಿಗೂ ಇಕ್ಕಟ್ಟು. ಮನೆಯವರು ದಾನ ಬೇಡ ಅಂದರೆ ವೆಂಟಿಲೇಟರ್ ತೆಗೆಯಲು ಹೆದರುತ್ತಾರೆ. ನಾಳೆ ಕೇಸು ಹಾಕಿದರೆ? ಹೊಡೆಯಲು ಬಂದರೆ? ಅದಕ್ಕೇ ‘ಟ್ರೀಟ್‌ಮೆಂಟ್ ಮುಂದುವರಿಸ್ತೀವಿ’ ಅನ್ನುತ್ತಾರೆ. ಕೇರಳ ಸರ್ಕಾರ 2020ರಲ್ಲೇ ಇದಕ್ಕೆ ಮಾರ್ಗಸೂಚಿ ತಂದು, ಮಿದುಳು ಸಾವಿನ ಘೋಷಣೆ ಬೇರೆ, ಅಂಗದಾನ ಬೇರೆ ಅಂತ ಮಾಡಿದೆ. ನಮ್ಮ ಸರ್ಕಾರವೂ ಗುಣವಾಗುವ ಭರವಸೆಯೇ ಇಲ್ಲದ ರೋಗಿಗಳ ಘನತೆಯ ಸಾವಿನ ಬಗ್ಗೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು. ಸುಪ್ರೀಂ ಕೋರ್ಟ್ ಹೇಳಿದಂತೆ ಎರಡು ವೈದ್ಯಕೀಯ ಮಂಡಳಿ ನೋಡಿ ಒಪ್ಪಬೇಕು ಅಂತ ಅದರಲ್ಲಿದೆ. ಒಳ್ಳೆಯದೇ. ಆದರೆ ಅದು ಸಾಯುತ್ತಿರುವವರಿಗೆ. ಆಗಲೇ ಸತ್ತವರ ವಿಷಯದಲ್ಲೂ ಒಂದು ನೇರ ಆದೇಶ ಬೇಕು. ಯಾವ ಆಸ್ಪತ್ರೆಯ ಐಸಿಯುನಲ್ಲೇ ಆಗಲಿ, ಪರೀಕ್ಷೆ ಎರಡು ಸಲ ಆಯಿತು ಅಂದರೆ ಸಾವು ಆಯಿತು. ಮೊದಲು ಅದನ್ನು ಹೇಳಿ. ‘ನಿಮ್ಮ ಹುಡುಗ ತೀರಿಕೊಂಡಿದ್ದಾನೆ’ ಅಂತ ಕನ್ನಡದಲ್ಲಿ ಹೇಳಿ. ಅಳಲು ಬಿಡಿ. ದಾನದ ಮಾತು ಆಮೇಲೆ, ಬೇರೆಯವರು ಬಂದು ಕೇಳಲಿ. ಕೇಳಲೇಬೇಕು ಅಂತ 2011ರ ತಿದ್ದುಪಡಿಯಲ್ಲೇ ಇದೆ. ಕೇಳಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ, ಕೇಳಿದ ಹೊತ್ತು ತಪ್ಪಾಗಿತ್ತು.

ಇನ್ನೊಂದು ವಿಷಯ ಬರೆಯಲು ಕೈ ನಡುಗುತ್ತದೆ. ತಮ್ಮನ ಪರ್ಸು ನಮ್ಮ ಹತ್ತಿರವೇ ಇತ್ತು. ವರ್ಷ ತುಂಬುವ ಹೊತ್ತಿಗೆ ಅದನ್ನು ಬಿಚ್ಚಿ ನೋಡಿದೆವು. ಡ್ರೈವಿಂಗ್ ಲೈಸೆನ್ಸ್ ಕಾರ್ಡಿನಲ್ಲಿ ‘ಆರ್ಗನ್ ಡೋನರ್’ ಅನ್ನುವ ಕಡೆ ‘ವೈ’ ಅಂತ ಇತ್ತು. ಹೌದು ಅಂತ. ಅವನೇ ಯೋಚಿಸಿ ಬರೆಸಿದ್ದಾ, ಡ್ರೈವಿಂಗ್ ಸ್ಕೂಲಿನವರು ಫಾರಂ ತುಂಬುವಾಗ ಟಿಕ್ ಹಾಕಿದ್ದಾ, ನನಗೆ ಎಂದೂ ಗೊತ್ತಾಗುವುದಿಲ್ಲ. ಕಾಯ್ದೆಯ ಪ್ರಕಾರ ಬದುಕಿರುವಾಗ ಬರೆದುಕೊಡುವ ಒಪ್ಪಿಗೆಗೆ ಇಬ್ಬರು ಸಾಕ್ಷಿ ಬೇಕು, ಅವರಲ್ಲಿ ಒಬ್ಬರಾದರೂ ಹತ್ತಿರದ ಸಂಬಂಧಿ ಆಗಿರಬೇಕು. ಲೈಸೆನ್ಸಿನ ಆ ಒಂದಕ್ಷರಕ್ಕೆ ಸಾಕ್ಷಿ ಇಲ್ಲ, ನಮಗೆ ಸುದ್ದಿಯೂ ಇಲ್ಲ. ಆಸ್ಪತ್ರೆಯಲ್ಲಿ ಪರ್ಸು ತೆಗೆದು ನೋಡಿದವರೂ ಇಲ್ಲ.

ಅಂಥ ಬರಹ ಇಲ್ಲದಿದ್ದಾಗ ಹತ್ತಿರದ ಸಂಬಂಧಿಯಲ್ಲಿ ಯಾರೊಬ್ಬರು ಬೇಡ ಅಂದರೂ ಕಾನೂನು ಅಲ್ಲಿಗೇ ನಿಲ್ಲುತ್ತದೆ. ಹತ್ತಿರದವರು ಅಂದರೆ ಗಂಡ ಹೆಂಡತಿ, ಅಪ್ಪ ಅಮ್ಮ, ಮಕ್ಕಳು, ಒಡಹುಟ್ಟಿದವರು, ಅಜ್ಜ ಅಜ್ಜಿ, ಮೊಮ್ಮಕ್ಕಳು. ಅಂದರೆ ಕಟ್ಟಿಕೊಂಡ ಹೆಂಡತಿ ಕೊಡೋಣ ಅಂದರೂ ಅಕ್ಕ ತಡೆಯಬಹುದು. ನಾನು ತಡೆದೆ. ಈ ನಿಯಮ ಸರಿಯಾ? ಮನೆಯೊಳಗೆ ಜಗಳ ಬೇಡ ಅಂತ ಹಾಗೆ ಇಟ್ಟಿರಬಹುದು. ಆದರೂ ಹೆಂಡತಿಯ ಮಾತಿಗೆ ತೂಕ ಜಾಸ್ತಿ ಇರಬೇಕು ಅಂತ ಈಗ ನನಗೆ ಅನಿಸುತ್ತದೆ. ಅವಳು ಆ ದಿನ ಕೇಳಿದ್ದನ್ನು ಮತ್ತೆ ಒಂದು ಸಲವೂ ಎತ್ತಿ ಆಡಿಲ್ಲ.

ಕೊಡುವವರು ಕಡಿಮೆ ಆದಾಗ ಅದರ ಭಾರ ಬೀಳುವುದು ಹೆಂಗಸರ ಮೇಲೇ. ನಮ್ಮ ಬ್ಯಾಂಕಿನ ಸಹೋದ್ಯೋಗಿಗೆ ಅವರ ಹೆಂಡತಿಯೇ ಕಿಡ್ನಿ ಕೊಟ್ಟರು. ಬದುಕಿರುವಾಗ ಅಂಗ ಕೊಡುವವರಲ್ಲಿ ಹೆಂಗಸರೇ ಜಾಸ್ತಿ, ಪಡೆಯುವವರಲ್ಲಿ ಗಂಡಸರೇ ಜಾಸ್ತಿ. 2023ರಲ್ಲಿ ಇಡೀ ದೇಶದಲ್ಲಿ ಸತ್ತ ಮೇಲೆ ಅಂಗ ಕೊಟ್ಟವರು 1,099 ಜನ, ನಮ್ಮ ರಾಜ್ಯದಲ್ಲಿ 178. ನಮ್ಮ ರಾಜ್ಯದ ರಸ್ತೆಗಳಲ್ಲಿ ಮಾತ್ರ ವರ್ಷಕ್ಕೆ 11 ಸಾವಿರಕ್ಕೂ ಜಾಸ್ತಿ ಜನ ಸಾಯುತ್ತಾರೆ. ಅವರೆಲ್ಲರೂ ಕೊಡುವ ಸ್ಥಿತಿಯಲ್ಲಿ ಇರುವುದಿಲ್ಲ, ನಿಜ. ಆದರೆ ನನ್ನ ತಮ್ಮನಂಥವರು ಎಷ್ಟು ಜನ ಇದ್ದಿರಬಹುದು.

ಕಿಡ್ನಿ ಕದಿಯುತ್ತಾರೆ ಅನ್ನುವ ಭಯ ಇರುವವರಿಗೆ ಒಂದು ಮಾತು. ಅಂಗ ಮಾರಿದರೂ, ಕೊಂಡರೂ, ದಲ್ಲಾಳಿ ಕೆಲಸ ಮಾಡಿದರೂ ಈಗ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿವರೆಗೆ ದಂಡ. ಸತ್ತವರ ಅಂಗ ಯಾರಿಗೆ ಹೋಗಬೇಕು ಅಂತ ನಮ್ಮಲ್ಲಿ ಸರ್ಕಾರದ ‘ಜೀವಸಾರ್ಥಕತೆ’ ಸಂಸ್ಥೆ ಸರದಿ ಪಟ್ಟಿ ನೋಡಿ ಹಂಚುತ್ತದೆ. ದಾನಕ್ಕೆ ಒಪ್ಪಿದ ಮೇಲೆ ದೇಹವನ್ನು ಕಾಪಾಡುವ, ಅಂಗ ತೆಗೆಯುವ ಖರ್ಚನ್ನು ಕೊಟ್ಟ ಮನೆಯವರ ಮೇಲೆ ಹಾಕುವಂತಿಲ್ಲ. ಇದನ್ನೂ ಆ ದಿನ ಯಾರೂ ನಮಗೆ ಹೇಳಲಿಲ್ಲ. ಬಹುಶಃ ದುಡ್ಡಿನ ಆಸೆ ತೋರಿಸಿದ ಹಾಗಾಗುತ್ತದೆ ಅಂತ ಸುಮ್ಮನಿದ್ದರೇನೋ, ಗೊತ್ತಿಲ್ಲ.

ಸಂಪಾದಕರೇ, ಕಾನೂನು ತಿದ್ದುವುದು ನಿಮ್ಮ ಕೈಯಲ್ಲಿಲ್ಲ. ಪದ ತಿದ್ದುವುದು ಇದೆ. ‘ಮಿದುಳು ನಿಷ್ಕ್ರಿಯ’ ಅಂತ ಬರೆಯಬೇಡಿ. ‘ಮಿದುಳು ಸತ್ತು ತೀರಿಕೊಂಡಿದ್ದ’ ಅಂತ ಬರೆಯಿರಿ. ‘ಜೀವನ್ಮರಣ ಹೋರಾಟ ನಡೆಸುತ್ತಿದ್ದವರ ಅಂಗ ದಾನ’ ಅಂತ ಹಾಕಬೇಡಿ. ‘ದಾನದ ಬಳಿಕ ಕೊನೆಯುಸಿರೆಳೆದರು’ ಅಂತ ಅಂತೂ ಎಂದಿಗೂ ಬೇಡ. ಐಸಿಯು ಬಾಗಿಲಲ್ಲಿ ನಿಂತವರ ತಲೆಯಲ್ಲಿ ಇರುವುದು ಡಾಕ್ಟರುಗಳ ಪುಸ್ತಕದ ಪದ ಅಲ್ಲ, ನಿಮ್ಮ ಪತ್ರಿಕೆಯಲ್ಲಿ ಓದಿದ ಪದ. ನನ್ನ ತಲೆಯಲ್ಲಿ ಇದ್ದದ್ದೂ ಅದೇ.

ಕಳೆದ ತಿಂಗಳು ನಾನು ನನ್ನ ಒಪ್ಪಿಗೆಯ ಫಾರಂ ತುಂಬಿದೆ. ಕಾಯ್ದೆ ಹೇಳಿದ ಹಾಗೆ ಇಬ್ಬರು ಸಾಕ್ಷಿ. ಒಬ್ಬಳು ತಮ್ಮನ ಹೆಂಡತಿ. ಇನ್ನೊಂದು ಸಾಕ್ಷಿ ಅಮ್ಮ. ಓದಿ ಹೇಳು ಅಂದಳು. ಪೂರ್ತಿ ಓದಿ ಹೇಳಿದೆ. ‘ಮಿದುಳು ಕಾಂಡದ ಸಾವು’ ಅನ್ನುವಲ್ಲಿ ಅಮ್ಮ ನನ್ನನ್ನು ತಡೆದು, ‘ಸುಳಿ’ ಅಂದಳು. ಹೂಂ ಅಂದೆ. ಹೆಬ್ಬೆಟ್ಟು ಒತ್ತಿದಳು. ತಮ್ಮನ ವರ್ಷದ ತಿಥಿಗೆ ಇದುವರೆಗೆ ಶನಿವಾರದ ಲೆಕ್ಕದಲ್ಲಿ ಎಡೆ ಇಡುತ್ತಿದ್ದೆವು. ಈ ಆಷಾಢದಿಂದ ಗುರುವಾರದ ತಿಥಿಗೇ ಇಡೋಣ ಅಂತ ಅಮ್ಮ ಹೇಳಿದ್ದಾಳೆ.

ಇಂತಿ,
ಒಬ್ಬ ಸಹಕಾರಿ ಬ್ಯಾಂಕ್ ನೌಕರಳು
ತಿಪಟೂರು ತಾಲ್ಲೂಕು, ತುಮಕೂರು ಜಿಲ್ಲೆ